ಹದಿನೇಳನೆಯವಳು

ಮಂಜುಗಡ್ಡೆ ದಡ ಬಿಟ್ಟ ನಾಲ್ಕನೇ ದಿನ
ಬಂಡೆಯ ತೆಂಕಣ ಮಗ್ಗುಲಿಗೆ ಬಿಸಿಲು ತಾಕುತ್ತದೆ.
ಮೊದಲು ಗಂಡುಗಳು ಬರುತ್ತವೆ,
ಮಣ್ಣು ಮೆತ್ತಿದ ಮೈ, ರೆಪ್ಪೆಯಿಲ್ಲದ ಕಣ್ಣಲ್ಲೂ ನಿದ್ದೆ.
ಎರಡು ವಾರ ಕಳೆದು
ಅವಳು.

ನಾನು ಯಾಲ್ಮರ್. ಬಾಲ್ಟಿಕ್ ಕಡಲಿನ ಈ ಚೂರು ದ್ವೀಪಗಳಿಗೆ
ಮೂವತ್ತೆಂಟು ವರ್ಷ ದೋಣಿಯಲ್ಲಿ ಅಂಚೆ ಹಂಚಿದವನು.
ಯಾರ ಮನೆಗೆ ಯಾರ ಕಾಗದ ಬರುತ್ತಿತ್ತು,
ಯಾವಾಗ ನಿಂತಿತು, ಎಲ್ಲ ಗೊತ್ತು.
ಹಾವು ಎಣಿಸತೊಡಗಿದ್ದು ಒಂದು ಮಧ್ಯಾಹ್ನ
ಎಂಜಿನ್ ಕೆಟ್ಟು, ಬೇರೆ ಕೆಲಸವಿಲ್ಲದೆ.

ಮಂಡಲದ ಹಾವಿನ ನೆತ್ತಿಯ ಹುರುಪೆಗಳ ಜೋಡಣೆ
ಒಂದರಂತೆ ಒಂದಿಲ್ಲ, ಹೆಬ್ಬೆರಳ ಗೆರೆಯ ಹಾಗೆ.
ನಾನು ಹಿಡಿಯಲಿಲ್ಲ, ಬಣ್ಣ ಬಳಿಯಲಿಲ್ಲ,
ಪೆನ್ಸಿಲಿನಲ್ಲಿ ಬರೆದುಕೊಂಡೆ ಅಷ್ಟೆ:
ಹದಿನೇಳು. ಹೆಣ್ಣು.
ನೆತ್ತಿಯ ಮೇಲೆ ಮುರಿದ ಬಾಚಣಿಗೆಯಂಥ ಗುರುತು.

ಬೇಸಿಗೆಗೆ ಬಂದವರು ಕೇಳುತ್ತಾರೆ,
ಹಾವು ಎಷ್ಟು ವರ್ಷ ಬದುಕುತ್ತೆ?
ನಿಮ್ಮ ಪುಸ್ತಕದ ಲೆಕ್ಕ ಗಾಜಿನ ಪೆಟ್ಟಿಗೆಯದು ಅಂತೀನಿ,
ವಾರಕ್ಕೊಂದು ಇಲಿ, ಚಳಿಗೆ ದೀಪ.
ಇಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಹತ್ತರಲ್ಲಿ
ಏಳು ಮುಂದಿನ ಆಗಸ್ಟು ಕಾಣುವುದಿಲ್ಲ:
ಕಾಗೆ, ಮುಳ್ಳಿಲಿ, ತಡವಾಗಿ ಬಿದ್ದ ಹಿಮ.
ಉಳಿದ ಮೂರನ್ನೂ ಹೋದ ಏಳನ್ನೂ ಕೂಡಿಸಿ ಭಾಗಿಸಿದರೆ
ಬರುವ ಸರಾಸರಿಯಷ್ಟು
ಯಾವ ಹಾವೂ ಬದುಕಿಲ್ಲ.

ಹೊಲದಿಲಿಗೆ ಒಂದೇ ಚಳಿಗಾಲ, ಅದೂ ಪೂರ್ತಿ ಸಿಕ್ಕರೆ.
ಕೊಲ್ಲಿಯಾಚೆ ಮಲಗುವ ಬೂದು ಸೀಲಿಗೆ ಮೂವತ್ತು ದಾಟಿದೆ.
ಕಡಲ ಹದ್ದು, ಅದರ ಕಾಲುಂಗುರ ನಂಬಬಹುದಾದರೆ,
ನನ್ನ ಮಗಳು ತೂರಾಳಿಗಿಂತ ಎರಡು ವರ್ಷ ಚಿಕ್ಕದು.
ನಾವು ಹೊಡೆಯದಿದ್ದರೆ ಎಲ್ಕ್ ಇಪ್ಪತ್ತು ಬಾಳುತ್ತದಂತೆ,
ಈ ಕಡೆ ಯಾರೂ ನೋಡಿದವರಿಲ್ಲ.

ಹಾವಿನ ಹೆಜ್ಜೆ ಹಾವೇ ಬಲ್ಲದು,
ಹಾವಿನ ವಯಸ್ಸು ಹಾವಿಗೂ ತಿಳಿಯದು.
ಮರಕ್ಕಾದರೆ ಬಳೆ, ಕುದುರೆಗಾದರೆ ಹಲ್ಲು;
ಇವಳೋ ಮೈಯನ್ನೇ ಕಳಚಿಟ್ಟು ಹೊರಡುವವಳು.
ಲಿಂಗನ್ ಹಣ್ಣಿನ ಪೊದೆಯಲ್ಲಿ ಸಿಕ್ಕ ಪೊರೆಯನ್ನು
ಒಮ್ಮೆ ಬೆಳಕಿಗೆ ಹಿಡಿದೆ.
ಕಣ್ಣಿದ್ದಲ್ಲಿ ಎರಡು ಪುಟ್ಟ ಗಾಜು,
ಏನೂ ಬರೆದಿರಲಿಲ್ಲ.

ಪುಸ್ತಕದಲ್ಲಿ ಒಂದು ಪುಟ ಖಾಲಿ.
ಸಿಗ್ನೆ ಹೋದ ವರ್ಷ. ಆ ಏಪ್ರಿಲ್ ಪೂರ್ತಿ ನಾನು
ಊರ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಕಾಫಿ ಯಂತ್ರದ ಪಕ್ಕ ಕೂತಿದ್ದೆ.
ಬಂಡೆಯ ಕಡೆ ಯಾರೂ ಹೋಗಲಿಲ್ಲ.
ಮರುವರ್ಷ ಹೋದರೆ ಮುರಿದ ಬಾಚಣಿಗೆ ಅಲ್ಲೇ,
ಬಿಸಿಲಿಗೆ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಂಡು.
ಅಂದರೆ ಆ ವರ್ಷವೂ ಅವಳು ಬದುಕಿದ್ದಳು,
ನಾನು ನೋಡದೆಯೂ.
ಲೆಕ್ಕಕ್ಕೆ ಸೇರಿಸಲೇಬೇಕು.
ನನ್ನದನ್ನು ಸೇರಿಸಬೇಕೋ ಬೇಡವೋ
ಬಹಳ ದಿನ ತೀರ್ಮಾನವಾಗಲಿಲ್ಲ.

ಈ ಸಲ ನೆರೆಮನೆಯ ಹುಡುಗ ಎಲೋಫ್ ಜೊತೆಗೆ ಬಂದ.
ನನ್ನ ಕಣ್ಣಿಗೂ ಈಗ ಪೊರೆ,
ಕಳಚಲು ಡಾಕ್ಟರೇ ಬೇಕು, ಸರದಿ ಅಕ್ಟೋಬರಿಗೆ.
ಬಾಚಣಿಗೆ ಇದೆಯಾ? ಅಂದೆ.
ಇದೆ.
ಎಷ್ಟು ಹಲ್ಲು?
ನಾಲ್ಕು. ಒಂದು ಅರ್ಧ.
ಸರಿ, ಅವಳೇ.
'ಕನಿಷ್ಠ ಇಪ್ಪತ್ತೊಂಬತ್ತು' ಎಂದು ಬರೆದೆ.
ಮೊದಲು ಕಂಡಾಗಲೇ ಬೆಳೆದ ಹೆಣ್ಣು,
ಆ 'ಕನಿಷ್ಠ'ದೊಳಗೆ ಎಷ್ಟು ಚಳಿಗಾಲ ಸುರುಳಿ ಸುತ್ತಿ ಮಲಗಿದೆಯೋ.

ನಮ್ಮಮ್ಮನಿಗಿಂತ ದೊಡ್ಡವಳಾ? ಕೇಳಿದ.
ನಿಮ್ಮಮ್ಮನಿಗೆಷ್ಟು?
ಗೊತ್ತಿಲ್ಲ. ಹೇಳಲ್ಲ.

ಗಾಳಿ ತಿರುಗಿತು. ಅವಳು ಅವಸರವಿಲ್ಲದೆ
ಬಿರುಕಿನೊಳಗೆ ತನ್ನನ್ನು ಸುರಿದುಕೊಂಡಳು.
ಪುಸ್ತಕದಲ್ಲಿ ಅದೇ ಕೊನೆಯ ಸಾಲು.
ಹೊಸದು ಕೊಳ್ಳಬೇಕು.
ದೋಣಿಕಟ್ಟೆಯ ಅಂಗಡಿ ಬಾಗಿಲು ತೆಗೆಯುವುದು
ಮೇ ತಿಂಗಳಲ್ಲಿ.